ಒಂದು ದಿನದ ಮಂಗಳೂರು: ಬಂದರಿನಿಂದ ಹೊರಡಿ

ಧರ್ಮಸ್ಥಳಕ್ಕೋ ಕೊಲ್ಲೂರಿಗೋ ಹೊರಟವರು ದಾರಿಯಲ್ಲಿ ಮಂಗಳೂರಿಗೆ ಒಂದು ದಿನ ಮೀಸಲಿಡುವುದುಂಟು. ಎರಡು ದೇವಸ್ಥಾನ, ಪಣಂಬೂರಿನ ಕಡಲತೀರ, ಸಂಜೆಗೊಂದು ಐಸ್‌ಕ್ರೀಂ ಮುಗಿಸಿ ರಾತ್ರಿ ಬಸ್ಸು ಹತ್ತಿದರೆ ಊರು ನೋಡಿಯಾಯಿತು ಎಂಬ ಸಮಾಧಾನ. ಆದರೆ ಇಲ್ಲಿ ಊರೊಂದು ಹುಟ್ಟಲು ಕಾರಣವಾದ ಹಳೆಯ ಬಂದರನ್ನು ಮಾತ್ರ ಹೆಚ್ಚಿನವರು ನೋಡಿರುವುದಿಲ್ಲ. ಅದೇನೂ ದೂರದಲ್ಲಿಲ್ಲ; ಸೆಂಟ್ರಲ್ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು.

ಮಂಗಳೂರಿಗೆ ತುಳುವರು ಕುಡ್ಲ ಎನ್ನುತ್ತಾರೆ. ಕೂಡುವ ಜಾಗ ಎಂಬ ಅರ್ಥ ಅದಕ್ಕಿದೆ ಎಂದು ಹೇಳುವುದುಂಟು. ಭೂಪಟ ನೋಡಿದರೆ ಅದು ಸರಿಯೆನಿಸುತ್ತದೆ. ತೆಂಕಣದಿಂದ ನೇತ್ರಾವತಿ, ಬಡಗಣದಿಂದ ಗುರುಪುರ ಹೊಳೆ ಬಂದು ಅಳಿವೆಯಲ್ಲಿ ಕೂಡಿ ಸಮುದ್ರ ಸೇರುತ್ತವೆ. ಗುರುಪುರ ಹೊಳೆಗೂ ಕಡಲಿಗೂ ನಡುವೆ ಉದ್ದನೆಯ ಮರಳ ಪಟ್ಟಿಯೊಂದು ಗೋಡೆಯಂತೆ ನಿಂತಿದೆ. ಅದರ ಒಳಮಗ್ಗುಲಿನ ಶಾಂತವಾದ ನೀರೇ ಹಡಗುಗಳಿಗೆ ಆಸರೆಯಾಯಿತು. ಊರಿಗೆ ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿ ಭಾಷೆಯಲ್ಲಿ ಮೈಕಾಲ, ಮಲಯಾಳದಲ್ಲಿ ಮಂಗಲಾಪುರ ಎಂದು ಬೇರೆಬೇರೆ ಹೆಸರುಗಳಿರುವುದೂ ಇಲ್ಲಿ ಬಂದು ಕೂಡಿದ ಜನರಿಂದಲೇ.

ಹಾಗೆ ಬಂದವರಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನ ಕಥೆ ಸ್ವಾರಸ್ಯದ್ದು. ಉತ್ತರ ಆಫ್ರಿಕದ ಮಹದಿಯಾ ಪಟ್ಟಣದ ಈತ 1132ರ ಸುಮಾರಿಗೆ ಮಂಗಳೂರಿಗೆ ಬಂದು ನೆಲೆಸಿದ. ಇಲ್ಲಿಂದ ಮೆಣಸು, ಅಡಕೆ ಕಳುಹಿಸುವುದು, ಏಡನ್‌ನಿಂದ ತಾಮ್ರ ತರಿಸಿ ತನ್ನ ಕಮ್ಮಟದಲ್ಲಿ ಪಾತ್ರೆಪರಡಿ ಮಾಡಿಸುವುದು ಅವನ ವ್ಯಾಪಾರ. ಏಡನ್ನಿನ ಗೆಳೆಯ ಅವನಿಗೆ ಕಾಗದ, ಸಕ್ಕರೆ, ಒಣದ್ರಾಕ್ಷಿಗಳನ್ನೂ ಕಳುಹಿಸುತ್ತಿದ್ದ. ಇಲ್ಲಿಯ ಆಶು ಎಂಬ ಹೆಣ್ಣೊಂದಿಗೆ ಸಂಸಾರ ಹೂಡಿದ ಅವನು 1149ರಲ್ಲಿ ಮಕ್ಕಳೊಂದಿಗೆ ಏಡನ್‌ಗೆ ಮರಳಿದ. ಇಷ್ಟೆಲ್ಲ ತಿಳಿದದ್ದು ಕೈರೋದ ಯೆಹೂದಿ ಪ್ರಾರ್ಥನಾಮಂದಿರವೊಂದರ ಕೋಣೆಯಲ್ಲಿ ಶತಮಾನಗಟ್ಟಲೆ ಉಳಿದಿದ್ದ ಹಳೆಯ ಕಾಗದಪತ್ರಗಳಿಂದ. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದ ಸೇವಕನೊಬ್ಬನ ಹೆಸರು ಆ ಪತ್ರಗಳಲ್ಲಿದೆ. ಅದನ್ನು ‘ಬೊಮ್ಮ’ ಎಂದು ಓದಬೇಕೆಂದು ವಾದಿಸಿ, ಅವನ ಬೆನ್ನುಹತ್ತಿ ಮಂಗಳೂರಿನವರೆಗೂ ಬಂದವರು ಲೇಖಕ ಅಮಿತಾವ್ ಘೋಷ್. ಅವರ ಪುಸ್ತಕ 1992ರಲ್ಲಿ ಪ್ರಕಟವಾಯಿತು. ಎಂಟುನೂರೈವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ ಈ ದಡದಿಂದ ಅರಬ್ಬೀ ಸಮುದ್ರ ದಾಟುತ್ತಿದ್ದ ಸಾಮಾನ್ಯನೊಬ್ಬನ ಹೆಸರು ಉಳಿದಿರುವುದು ಅಪರೂಪದ ಸಂಗತಿಯಲ್ಲವೇ?

ಬೆನ್ ಯಿಜುವಿನ ಕಾಲದ ಕಟ್ಟಡವೇನೂ ಬಂದರಿನಲ್ಲಿ ಉಳಿದಿಲ್ಲ. ಕೆಲಸ ಉಳಿದಿದೆ. ಮುಂಜಾನೆಯೇ ಧಕ್ಕೆಗೆ ಹೋದರೆ ಬೋಟುಗಳಿಂದ ಮೀನು ಇಳಿಸುವ, ಹರಾಜು ಕೂಗುವ ಗದ್ದಲ. ಬಿಸಿಲೇರಿದ ಮೇಲೆ ಹೋದವರಿಗೆ ಸಿಗುವುದು ವಾಸನೆ ಮಾತ್ರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆಗ ಬೋಟುಗಳು ಒಂದಕ್ಕೊಂದು ಒತ್ತಿಕೊಂಡು ಸುಮ್ಮನೆ ನಿಂತಿರುತ್ತವೆ. ಸಮೀಪದಲ್ಲೇ ಲಕ್ಷದ್ವೀಪಕ್ಕೆ ದಿನಸಿ, ಕಟ್ಟಡ ಸಾಮಗ್ರಿ ಒಯ್ಯುವ ಮಂಜಿಗಳು ಲಂಗರು ಹಾಕುತ್ತವೆ. ಹಿಂದಿನ ಓಣಿಗಳಲ್ಲಿ ಹಂಚಿನ ಮಾಡಿನ ಗೋದಾಮುಗಳಿದ್ದವು, ಈಗಲೂ ಕೆಲವಿವೆ. ಒಂದೊಂದಾಗಿ ಕಾಂಕ್ರೀಟಿಗೆ ಜಾಗ ಬಿಡುತ್ತಿರುವ ಇವನ್ನು ಮುಂದಿನ ಸಲ ನೋಡೋಣವೆಂದು ಬಿಟ್ಟರೆ ಆಗ ಅವು ಇರಲಾರವು. ಬಂದರಿನ ಝೀನತ್ ಬಕ್ಷ್ ಮಸೀದಿಯ ಮರದ ಕೆತ್ತನೆ ಪ್ರಸಿದ್ಧ. ಅನುಮತಿ ಕೇಳಿಕೊಂಡು ಒಳಹೋಗುವುದು ಸೌಜನ್ಯ.

ಹಂಚಿನ ಮಾತು ಬಂದಾಗ ಬಾಸೆಲ್ ಮಿಷನ್ನಿನವರನ್ನು ನೆನೆಯಲೇಬೇಕು. 1834ರಲ್ಲಿ ಇಲ್ಲಿ ಬಂದಿಳಿದ ಅವರು 1865ರಲ್ಲಿ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದರು. ನೇತ್ರಾವತಿಯ ದಡದ ಜೇಡಿ, ಸಾಗಿಸಲು ದೋಣಿ, ಮುಂದೆ ಬಂದರು. ಮಂಗಳೂರು ಹಂಚು ದೇಶವಿದೇಶಕ್ಕೆ ಹೋದದ್ದು ಹೀಗೆ. ಇಂದು ಆ ಕಾರ್ಖಾನೆಗಳಲ್ಲಿ ಬಹುಪಾಲು ಮುಚ್ಚಿವೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು 1843ರ ಜುಲೈ 1ರಂದು ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಕೂಡ ಇದೇ ಮಿಷನ್ನಿನವರು.

ಮಧ್ಯಾಹ್ನದ ಸೆಕೆಗೆ ಗುಡ್ಡದ ಮೇಲಿನ ಅಲೋಶಿಯಸ್ ಚಾಪೆಲ್ ತಕ್ಕ ಜಾಗ. ಇಟಲಿಯ ಅಂತೋನಿಯೊ ಮೊಸ್ಕೇನಿ ಸುಮಾರು ಎರಡು ವರ್ಷ ದುಡಿದು ಅದರ ಗೋಡೆ, ಮಾಡುಗಳನ್ನೆಲ್ಲ ಚಿತ್ರಗಳಿಂದ ತುಂಬಿದರು. ಕೆಲಸ ಮುಗಿದದ್ದು 1901ರಲ್ಲಿ. ಸಮಯ ಉಳಿದರೆ ಕದ್ರಿ. ಅಲ್ಲಿಯ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ವಿಗ್ರಹದ ಪೀಠದಲ್ಲಿ ಆಳುಪ ದೊರೆ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ. ಕೈಮುಗಿದು ಹೊರಡುವ ಅವಸರದಲ್ಲಿ ಅದರ ಮುಂದೆ ನಿಲ್ಲದೆ ಬರುವವರು ನಿಜವಾಗಿ ನಷ್ಟಪಡುತ್ತಾರೆ. ಉಳಿದದ್ದಕ್ಕೆ ಇನ್ನೊಮ್ಮೆ ಬರಬಹುದು; ಅಂಗಡಿ ಮಾಲುಗಳು ಎಲ್ಲ ಊರಲ್ಲೂ ಇವೆ.

ಸಂಜೆ ಮತ್ತೆ ಹೊಳೆಯ ದಡಕ್ಕೆ ಬರಬೇಕು, ಬೋಳೂರಿನ ಸುಲ್ತಾನ್ ಬತ್ತೇರಿಗೆ. ಯುದ್ಧನೌಕೆಗಳು ಹೊಳೆಯೊಳಗೆ ನುಗ್ಗದಂತೆ ಕಾಯಲು 1784ರಲ್ಲಿ ಟಿಪ್ಪು ಕಟ್ಟಿಸಿದ ಕಾವಲು ಬುರುಜಿದು. ಚಿಕ್ಕದು, ಕೋಟೆಯ ನಿರೀಕ್ಷೆಯಲ್ಲಿ ಬಂದವರಿಗೆ ನಿರಾಸೆಯಾದೀತು. ಆದರೆ ಮೆಟ್ಟಿಲೇರಿ ನಿಂತರೆ ಇಲ್ಲೇ ಏಕೆ ಕಟ್ಟಿಸಿದನೆಂಬುದು ತಾನಾಗಿ ತಿಳಿಯುತ್ತದೆ. ಅವನು ಕಾಯಲು ಹೊರಟ ಹೊಳೆಗೆ ಮುಂದೆ ಹೂಳೇ ಕಾವಲಾಯಿತು. ದೊಡ್ಡ ಹಡಗುಗಳು ಒಳಬರಲಾರದೆ ದೂರದಲ್ಲಿ ನಿಂತು ದೋಣಿಗಳಲ್ಲಿ ಸರಕು ಇಳಿಸಬೇಕಾಗುತ್ತಿತ್ತು. ಕೊನೆಗೆ 1974ರಲ್ಲಿ ಉತ್ತರಕ್ಕೆ ಪಣಂಬೂರಿನಲ್ಲಿ ನವಮಂಗಳೂರು ಬಂದರು ತೆರೆಯಿತು.

ಬತ್ತೇರಿಯ ಕೆಳಗೆ ದೋಣಿ ಹತ್ತಿದರೆ ಕೆಲವೇ ನಿಮಿಷಗಳಲ್ಲಿ ಆಚೆ ದಡದ ತಣ್ಣೀರುಬಾವಿ. ಮರಳ ಪಟ್ಟಿಯ ಈ ಮಗ್ಗುಲು ಹೊಳೆ, ನಾಲ್ಕು ಹೆಜ್ಜೆ ನಡೆದರೆ ಆ ಮಗ್ಗುಲು ಕಡಲು. ಸೂರ್ಯಾಸ್ತ ನೋಡುತ್ತ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಕೊನೆಯ ದೋಣಿ ಎಷ್ಟು ಗಂಟೆಗೆಂದು ಈಚೆ ದಡದಲ್ಲೇ ಕೇಳಿಕೊಂಡು ಹತ್ತುವುದು ಲೇಸು.