ಠಾಣೆಯಿಂದ ವಾಶಿಯವರೆಗೆ: ಊರಿನ ವಿನೋದ, ನಮ್ಮವರ ದುಡಿಮೆ

ದೂರದೇಶದ ನಗರಗಳ ಬೀದಿ, ನಾಟಕ, ಜಾತ್ರೆಗಳ ವರ್ಣನೆಯನ್ನು ನಮ್ಮ ವಾಚಕರು ಆದರದಿಂದ ಓದುವರು. ಆದರೆ ನಾವು ದುಡಿದು ಉಣ್ಣುತ್ತಿರುವ ಈ ಊರುಗಳನ್ನೇ ಪ್ರವಾಸಿಯ ಕಣ್ಣಿನಿಂದ ನೋಡಿದವರು ನಮ್ಮಲ್ಲಿ ವಿರಳ. ಅಂತಹ ಒಂದು ಸಂಚಾರವನ್ನು ನಾವು ಕೈಗೊಂಡೆವು.

1853ರ ಎಪ್ರಿಲ್ 16ರಂದು ಬೋರಿಬಂದರದಿಂದ ಹೊರಟ ಮೊದಲ ಪ್ರಯಾಣಿಕರ ರೈಲು ಬಂದು ಸೇರಿದ್ದು ಠಾಣೆಯನ್ನು. ಆ ಊರಿನ ಸಂಜೆಯೆಲ್ಲ ಮಾಸುಂದಾ ಕೆರೆಯ ದಂಡೆಯಲ್ಲಿ ನೆರೆಯುತ್ತದೆ. ಒಂದೆಡೆ ಕೌಪಿನೇಶ್ವರನ ಗುಡಿಯ ಗಂಟೆ, ಒಂದೆಡೆ ದೋಣಿವಿಹಾರ, ಅಲ್ಲಿಯೇ ಸಮೀಪದಲ್ಲಿ 1978ರಲ್ಲಿ ತೆರೆದ ಗಡಕರಿ ರಂಗಾಯತನ. ಡೊಂಬಿವಲಿಯಲ್ಲಿ ದೀಪಾವಳಿಯ ಬೆಳಗು ಫಡ್ಕೆ ರಸ್ತೆಯದು; ಹೊಸಬಟ್ಟೆ ತೊಟ್ಟ ತರುಣ ತರುಣಿಯರು ಗಣೇಶ ಮಂದಿರದ ಮುಂದೆ ಕಿಕ್ಕಿರಿಯುವರು. ಯುಗಾದಿಯ ಶೋಭಾಯಾತ್ರೆ 1999ರಲ್ಲಿ ಈ ಊರಿನಿಂದಲೇ ಹೊರಟು ಬಳಿಕ ಮಹಾರಾಷ್ಟ್ರದ ಇತರ ನಗರಗಳಿಗೂ ಹಬ್ಬಿತು. ಕಲ್ಯಾಣದವರಿಗೆ ದುರ್ಗಾಡಿ ಕೋಟೆಯ ನವರಾತ್ರಿಯ ಜಾತ್ರೆಯುಂಟು.

ವಾಶಿಯ ನಾಟ್ಯಗೃಹದ ಮೇಲೆ ವಿಷ್ಣುದಾಸ ಭಾವೆಯವರ ಹೆಸರಿದೆ. ಆ ಹೆಸರಿನ ಮುಂದೆ ಕನ್ನಡಿಗನು ಒಂದು ಕ್ಷಣ ನಿಲ್ಲಬೇಕು. ಹೊನ್ನಾವರದ ಬಳಿಯ ಕರ್ಕಿಯಿಂದ ಸಾಂಗಲಿಗೆ ಹೋದ ಭಾಗವತರ ಮೇಳದ ಆಟವನ್ನು ಕಂಡು ಮೆಚ್ಚಿದ ಅಲ್ಲಿನ ಅರಸರು, ಅಂತಹುದನ್ನು ಮರಾಠಿಯಲ್ಲಿ ರಚಿಸುವಂತೆ ಭಾವೆಯವರಿಗೆ ಹೇಳಿದರು. 1843ರಲ್ಲಿ 'ಸೀತಾ ಸ್ವಯಂವರ' ರಂಗಕ್ಕೆ ಬಂದಿತು. ಮರಾಠಿ ರಂಗಭೂಮಿ ಅಲ್ಲಿಂದಲೇ ಮೊದಲಾಯಿತೆಂದು ಮರಾಠಿಗರೇ ಗೌರವದಿಂದ ಹೇಳುವರು.

ಇಷ್ಟೆಲ್ಲ ವಿನೋದದ ನಡುವೆ ನಮ್ಮ ಮಾಣಿ, ಅಡಿಗೆಯವ, ತಟ್ಟೆ ತೊಳೆಯುವ ಹುಡುಗ ಎಲ್ಲಿರುವರು? ನಾಟಕ ಬಿಟ್ಟ ಜನ ದೋಸೆಗೆ ಬರುವ ಹೊತ್ತಿಗೆ ಅವರು ಕಾವಲಿಯ ಮುಂದೆ. ದೀಪಾವಳಿಯ ಬೆಳಗಿನಲ್ಲಿ ಅವರ ಕೈಯಲ್ಲಿ ಕಾಫಿಯ ತಟ್ಟೆ. ಹತ್ತು ವರ್ಷ ಠಾಣೆಯಲ್ಲಿ ದುಡಿದೂ ಕೆರೆಯ ದೋಣಿಯನ್ನು ಹತ್ತದವರನ್ನು ನಾವು ಬಲ್ಲೆವು.

1948ರ ಮುಂಬಯಿ ಕಾಯಿದೆಯು ಹೋಟೆಲು ನೌಕರನಿಗೆ ವಾರಕ್ಕೊಂದು ದಿನದ ರಜೆಯನ್ನು ವಿಧಿಸಿತ್ತು. ಅದರ ಸ್ಥಾನದಲ್ಲಿ ಬಂದ 2017ರ ಮಹಾರಾಷ್ಟ್ರದ ಕಾಯಿದೆಯೂ ಎಡೆಬಿಡದ 24 ತಾಸುಗಳ ವಿರಾಮವನ್ನು ಹೇಳುತ್ತದೆ. ಕೆಲವೇ ಜನರನ್ನಿಟ್ಟುಕೊಂಡ ಸಣ್ಣ ಹೋಟೆಲಿಗೆ ಅದರ ನಿರ್ಬಂಧ ತಗಲದು. ಅಲ್ಲಿ ಮಾಲೀಕನ ಧರ್ಮಬುದ್ಧಿಯೇ ಕಾಯಿದೆ.

ನಾವೂ ಗಲ್ಲೆಯ ಮುಂದೆ ಕುಳಿತವರೇ. ಹಬ್ಬದ ದಿನ ಒಬ್ಬ ಆಳು ಕಡಿಮೆಯಾದರೆ ಬರುವ ಕಷ್ಟ ನಮಗೆ ತಿಳಿಯದ್ದಲ್ಲ. ಆದುದರಿಂದ ನಮ್ಮ ವಿನಂತಿ ಚಿಕ್ಕದು: ವಾರದ ರಜೆ ತಪ್ಪದಿರಲಿ, ಅದರ ಜತೆಗೆ ತಿಂಗಳಿಗೊಂದು ಭಾನುವಾರದ ಸಂಜೆಯನ್ನು ಸರದಿಯ ಮೇಲೆ ಪ್ರತಿಯೊಬ್ಬನಿಗೂ ಬಿಟ್ಟುಕೊಡಿರಿ. ಊರನ್ನು ಪರಕೀಯವೆಂದು ತಿಳಿದವನು ಬೇಗನೆ ಕೆಲಸ ಬಿಟ್ಟು ಹೋಗುವನು. ತನ್ನದೆಂದು ತಿಳಿದವನು ನಿಲ್ಲುವನು.

ನೌಕರ ಬಂಧುಗಳಿಗೂ ಒಂದು ಮಾತು. ದೊರೆತ ರಜೆಯನ್ನೆಲ್ಲ ನಿದ್ದೆಯಲ್ಲೋ ಮೊಬೈಲಿನಲ್ಲೋ ಕಳೆಯದೆ, ಕಚೇರಿಯಲ್ಲಿ ಗುಮಾಸ್ತನಾಗಿರುವ ಗೆಳೆಯನನ್ನು ಕರೆದುಕೊಂಡು ಒಂದು ನಾಟಕಕ್ಕೆ ಹೋಗಿರಿ. ಮರಾಠಿ ಪೂರ್ತಿಯಾಗಿ ಬಾರದೆಂದು ಹಿಂಜರಿಯಬೇಡಿರಿ. ದಿನವೂ ನೂರು ಗಿರಾಕಿಗಳ ಮಾತು ತಿಳಿಯುವವನಿಗೆ ನಾಟಕದ ಮಾತು ತಿಳಿಯದೆ ಹೋಗದು.