ಇಎಸ್‌ಪಿ32ರ ಮ್ಯಾಕ್ ವಿಳಾಸ ಬದಲಾಗುವುದು ಹೇಗೆ?

ಪ್ರಶ್ನೆ: ಇಎಸ್‌ಪಿ32 ಬೋರ್ಡಿನ ಮ್ಯಾಕ್ ವಿಳಾಸವನ್ನು ಕಾರ್ಖಾನೆಯಲ್ಲೇ ಬರೆದಿರುತ್ತಾರಂತೆ. ಹಾಗಿದ್ದ ಮೇಲೆ ನಾವು ಕೊಟ್ಟ ಬೇರೆ ವಿಳಾಸ ಅದರಲ್ಲಿ ಹೇಗೆ ಕೆಲಸ ಮಾಡುತ್ತದೆ?

ಕಾರ್ಖಾನೆಯಲ್ಲಿ ಬರೆದದ್ದು ಅಳಿಯುವುದಿಲ್ಲ, ನಿಜ. ಚಿಪ್ಪಿನೊಳಗಿನ ಇ-ಫ್ಯೂಸ್‌ನಲ್ಲಿ ಅದು ವಾಹನದ ಚಾಸಿ ನಂಬರಿನಂತೆ ಕೂತಿರುತ್ತದೆ. ಆದರೆ ರೂಟರ್ ಓದುವುದು ನಂಬರ್ ಪ್ಲೇಟನ್ನು ಮಾತ್ರ. ವೈಫೈ ಚಾಲೂ ಆದಾಗ ಇ-ಫ್ಯೂಸ್‌ನ ವಿಳಾಸದ ಒಂದು ನಕಲು ರೇಡಿಯೊ ಭಾಗಕ್ಕೆ ಬರುತ್ತದೆ. ಹೊರಡುವ ಪ್ರತಿ ಪ್ಯಾಕೆಟ್ಟಿನಲ್ಲೂ ಸೇರಿ ಹೋಗುವುದು ಆ ನಕಲೇ. ನಮ್ಮ ಪ್ರೋಗ್ರಾಂ ಅದನ್ನು ತಿದ್ದಿದರೆ ಸಾಕು. ಆರ್ಡುಯಿನೊದಲ್ಲಾದರೆ ಮೊದಲು ಸ್ಟೇಷನ್ ಮೋಡ್ ಆನ್ ಮಾಡಿ, ಆಮೇಲೆ ವಿಳಾಸ ಕೊಟ್ಟು, ಕೊನೆಗೆ ರೂಟರಿಗೆ ಸೇರಿಸಬೇಕು. ಕರೆಂಟ್ ಹೋಗಿ ಬಂದರೆ ಮತ್ತೆ ಹಳೆಯ ವಿಳಾಸವೇ, ಹಾಗಾಗಿ ಪ್ರತಿ ಸಲವೂ ಇದು ನಡೆಯಬೇಕು.

ಮನಸ್ಸಿಗೆ ಬಂದ ಅಂಕಿ ಮಾತ್ರ ನಡೆಯದು. ವಿಳಾಸದ 6 ಬೈಟ್‌ಗಳಲ್ಲಿ ಮೊದಲನೆಯದರ ಕಟ್ಟಕಡೆಯ ಬಿಟ್ 0 ಇರಲೇಬೇಕು. 1 ಆದರೆ ಅದು ಗುಂಪಿನ ವಿಳಾಸವಾಗುತ್ತದೆ, ಚಿಪ್ ಒಪ್ಪುವುದಿಲ್ಲ. ಅದರ ಪಕ್ಕದ ಬಿಟ್ 1 ಇದ್ದರೆ, ವಿಳಾಸ ಕೊಟ್ಟದ್ದು ಕಂಪನಿಯಲ್ಲ, ಬಳಸುವವರು ಎಂದರ್ಥ. 02ರಿಂದ ಶುರುಮಾಡಿ, ಎರಡೂ ಸರಿಹೋಗುತ್ತವೆ. ಒಂದೇ ವೈಫೈಯಲ್ಲಿರುವ ಎರಡು ಬೋರ್ಡಿಗೆ ಒಂದೇ ವಿಳಾಸವನ್ನಂತೂ ಕೊಡಲೇಬೇಡಿ. ಎರಡರ ಸಂಪರ್ಕವೂ ಪದೇ ಪದೇ ಕಡಿದು, ಕಾರಣ ಹುಡುಕುವಷ್ಟರಲ್ಲಿ ಸಾಕುಬೇಕಾಗುತ್ತದೆ.