ಬುಲ್ಮಾಳ ರೇಡಾರ್, ರಾಜೇಶ್ವರಿಯವರ ಪ್ರಯೋಗಾಲಯ

ಡ್ರ್ಯಾಗನ್ ಬಾಲ್ ಎಂಬ ಜಪಾನಿ ಚಿತ್ರಕಥೆಯಲ್ಲಿ ಎಲ್ಲರ ಕಣ್ಣೂ ಗೋಕು ಎಂಬ ಹುಡುಗನ ಮೇಲೆ. ಕೂದಲು ಮುಳ್ಳಿನ ಹಾಗೆ ನಿಲ್ಲಿಸಿಕೊಂಡು ಗುಡ್ಡ ಪುಡಿ ಮಾಡುವವನು ಅವನೇ. ವಿಜಯಪುರ ಜಿಲ್ಲೆಯ ತಿಕೋಟಾದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಹೇಳುತ್ತೇನೆ. ನಮ್ಮ ಹುಡುಗರ ನೋಟ್‌ಬುಕ್ಕಿನ ಕಡೇ ಹಾಳೆಗಳಲ್ಲೂ ಅವನದೇ ದರ್ಬಾರು. ಒಂಬತ್ತನೇ ಇಯತ್ತೆಯ ಒಬ್ಬಳು ಮಾತ್ರ ಬೇರೆ ಚಿತ್ರ ಬರೆದಿದ್ದಳು. ಜಡೆ ಹಾಕಿದ ಹುಡುಗಿ, ಅವಳ ಕೈಯಲ್ಲಿ ಜೇಬುಗಡಿಯಾರದಂಥ ದುಂಡನೆಯ ಯಂತ್ರ, ಅದರ ಗಾಜಿನ ಮೇಲೆ ಚೌಕಳಿ ಗೆರೆ, ಗೆರೆಗಳ ನಡುವೆ ಎರಡು ಚುಕ್ಕಿ.

"ಇಕಿ ಯಾರವಾ?" ಅಂದೆ.

"ಬುಲ್ಮಾ ರೀ ಟೀಚರ್. ಇಕಿ ಇಲ್ಲಂದ್ರ ಗೋಕುಗ ಒಂದ ಗುಂಡೂ ಸಿಗೂದಿಲ್ರೀ."

ಮಾತು ಖರೆ. ಅಕಿರಾ ತೊರಿಯಾಮಾ ಈ ಕಥೆಯನ್ನು ವಾರಪತ್ರಿಕೆಯೊಂದರಲ್ಲಿ ಬರೆಯಲು ಶುರು ಮಾಡಿದ್ದು 1984ರ ಕೊನೆಗೆ. ಮುಗಿಸಿದ್ದು 1995ರಲ್ಲಿ, 519 ಕಂತುಗಳಾದ ಮೇಲೆ. ಪುಸ್ತಕವಾಗಿ ಬಂದಾಗ 42 ಸಂಪುಟ. 2000ದ ದಶಕದ ಆರಂಭದಲ್ಲಿ ಕಾರ್ಟೂನ್ ನೆಟ್‌ವರ್ಕ್ ನೋಡುತ್ತ ಬೆಳೆದವರಿಗೆ ಇದರ ಮುಂದಿನ ಭಾಗದ ಪರಿಚಯ ಇದ್ದೇ ಇರುತ್ತದೆ. ಈಗಿನ ಮಕ್ಕಳು ಅಪ್ಪನ ಫೋನಿನಲ್ಲಿ ನೋಡುತ್ತಾರೆ. ತೊರಿಯಾಮಾ 2024ರ ಮಾರ್ಚ್ 1ರಂದು ತೀರಿಕೊಂಡರು.

ಕಥೆಯ ಬೇರು ಚೀನಾದಲ್ಲಿದೆ. ಬೌದ್ಧ ಗ್ರಂಥಗಳನ್ನು ತರಲು ಪಡುವಣಕ್ಕೆ ಹೊರಟ ಒಬ್ಬ ಭಿಕ್ಷು, ಅವನ ಬೆಂಗಾವಲಿಗೆ ಒಬ್ಬ ಪರಾಕ್ರಮಿ ಕಪಿ. ಆ ಹಳೆಯ ಕಾದಂಬರಿಯನ್ನು ತೊರಿಯಾಮಾ ತನಗೆ ಬೇಕಾದ ಹಾಗೆ ತಿರುಗಿಸಿಕೊಂಡರು. ಕಪಿಯ ಜಾಗಕ್ಕೆ ಬಾಲವಿರುವ ಹುಡುಗ ಬಂದ. ಭಿಕ್ಷುವಿನ ಜಾಗಕ್ಕೆ ಹದಿನಾರರ ಒಬ್ಬ ಹುಡುಗಿ ಬಂದಳು. ಪುಣ್ಯ, ಮೋಕ್ಷ ಯಾವುದರ ಗೊಡವೆಯೂ ಅವಳಿಗಿಲ್ಲ. ಲೋಕದಲ್ಲಿ ಏಳು ಗುಂಡುಗಳಿವೆ, ಏಳನ್ನೂ ಕೂಡಿಸಿದರೆ ಒಂದು ಮಹಾನಾಗ ಪ್ರತ್ಯಕ್ಷವಾಗಿ ಕೇಳಿದ ವರ ಕೊಡುತ್ತದೆ. ಬುಲ್ಮಾ ರಜೆಯಲ್ಲಿ ಅವನ್ನು ಹುಡುಕಲು ಒಬ್ಬಳೇ ಕಾರು ಹತ್ತಿ ಹೊರಟವಳು. ಏನು ವರ ಕೇಳಬೇಕು ಎಂದು ಯೋಚಿಸಿದ್ದಳು ಗೊತ್ತೇ? ಜನ್ಮ ಪೂರ್ತಿ ತಿಂದರೂ ಮುಗಿಯದಷ್ಟು ಸ್ಟ್ರಾಬೆರಿ, ಇಲ್ಲವೇ ಒಬ್ಬ ಚೆಂದದ ಹುಡುಗ. ಕಡೆಗೆ ಹುಡುಗನೇ ಸರಿ ಎಂದು ತೀರ್ಮಾನಿಸಿದಳು. ಜಾಣ ಹುಡುಗಿಯೆಂದರೆ ಕನ್ನಡಕ ಹಾಕಿಕೊಂಡು ಮೂಲೆಯಲ್ಲಿ ಕೂತಿರಬೇಕು ಎಂಬ ಕಟ್ಟಳೆಯನ್ನು ಇವಳು ಮೊದಲ ಕಂತಿನಲ್ಲೇ ಮುರಿದಳು. ನನಗೆ ಅವಳು ಹಿಡಿಸಿದ್ದು ಅಲ್ಲೇ. ಸಿಟ್ಟು, ಜಂಭ, ಅಂಜಿಕೆ, ಅಳು ಎಲ್ಲವೂ ಇದ್ದು, ಅದರ ಮೇಲೆ ಜಾಣತನ.

ಪಾಲಕರಿಗೆ ಒಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಮೊದಮೊದಲ ಕಂತುಗಳಲ್ಲಿ ಇದೇ ಹುಡುಗಿಯನ್ನು ಗುರಿ ಮಾಡಿದ ಕೀಳು ಹಾಸ್ಯ ಸಾಕಷ್ಟಿದೆ. ಸಣ್ಣ ಮಕ್ಕಳ ಕೈಗೆ ಕೊಡುವ ಮೊದಲು ನೀವೊಮ್ಮೆ ತಿರುವಿ ನೋಡಿ.

ಇನ್ನು ಆ ಯಂತ್ರ. ಬುಲ್ಮಾಳಿಗೆ ಮೊದಲ ಗುಂಡು ಸಿಕ್ಕಿದ್ದು ತನ್ನ ಮನೆಯ ಅಡಕಲು ಸಾಮಾನಿನ ನಡುವೆ. ಅದು ಸಣ್ಣಗೆ ರೇಡಿಯೊ ಅಲೆ ಹೊಮ್ಮಿಸುತ್ತಿದೆ ಎಂದು ಪತ್ತೆ ಹಚ್ಚಿ, ಆ ಅಲೆಯನ್ನು ಹಿಡಿಯುವ ಯಂತ್ರವನ್ನು ತಾನೇ ಕಟ್ಟಿಕೊಂಡಳು. ಎಲ್ಲರೂ ಅದನ್ನು ಡ್ರ್ಯಾಗನ್ ರೇಡಾರ್ ಅನ್ನುತ್ತಾರೆ. ವಿಜ್ಞಾನದ ಟೀಚರ್ ಆದ ತಪ್ಪಿಗೆ ನಾನು ಇಲ್ಲಿ ತಕರಾರು ಎತ್ತಲೇಬೇಕು. ಅದು ರೇಡಾರ್ ಅಲ್ಲ.

ನಿಜವಾದ ರೇಡಾರ್ ಮೊದಲು ತಾನೇ ಒಂದು ಅಲೆಯ ತುಣುಕನ್ನು ಹೊರಗೆ ಬಿಡುತ್ತದೆ. ಅದು ವಿಮಾನಕ್ಕೋ ಮಳೆಮೋಡಕ್ಕೋ ಬಡಿದು ಹಿಂದಿರುಗುತ್ತದೆ. ಹೋಗಿ ಬರಲು ಹಿಡಿದ ಸಮಯದಿಂದ ದೂರದ ಲೆಕ್ಕ. ರೇಡಿಯೊ ಅಲೆಯ ವೇಗ ಸೆಕೆಂಡಿಗೆ 3 ಲಕ್ಷ ಕಿ.ಮೀ. ಹೀಗಾಗಿ 150 ಕಿ.ಮೀ. ದೂರದ ವಿಮಾನದ ಸುದ್ದಿ ತಿಳಿಯಲು ಸೆಕೆಂಡಿನ ಸಾವಿರದ ಒಂದು ಪಾಲು ಸಾಕು. ವಿಜಯಪುರದ ಮಕ್ಕಳಿಗೆ ಇದನ್ನು ತಿಳಿಸಲು ಪುಸ್ತಕವೇ ಬೇಡ, ಗೋಳಗುಮ್ಮಟ ಇದೆ. ಮಹಮ್ಮದ್ ಆದಿಲ್‌ಶಾಹನ ಆ ಗೋರಿಯ ಮೇಲಿನ ಗ್ಯಾಲರಿಯಲ್ಲಿ ನಿಂತು ಒಂದು ಚಪ್ಪಾಳೆ ತಟ್ಟಿ. ಎದುರಿನ ಗೋಡೆ ಸುಮಾರು 38 ಮೀಟರ್ ದೂರ, ಹೋಗಿ ಬಂದರೆ 76. ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಅಂದರೆ ಮೊದಲ ಮರುದನಿ ಸೆಕೆಂಡಿನ ಐದನೇ ಒಂದು ಪಾಲಿಗಿಂತ ತುಸು ತಡವಾಗಿ ನಿಮ್ಮ ಕಿವಿಗೆ ಬೀಳುತ್ತದೆ. ಶಾಲೆಯ ಪ್ರವಾಸದಲ್ಲಿ ಎಲ್ಲರೂ ಅಲ್ಲಿ ಚೀರುವುದೇ ಚೀರುವುದು. ಲೆಕ್ಕ ಹಾಕುವವರು ಕಡಿಮೆ.

ಬುಲ್ಮಾಳ ಯಂತ್ರ ಏನನ್ನೂ ಹೊರಗೆ ಬಿಡುವುದಿಲ್ಲ. ಗುಂಡೇ ದನಿ ಮಾಡುತ್ತಿದೆ, ಯಂತ್ರ ಕೇಳಿಸಿಕೊಳ್ಳುತ್ತದೆ, ಅಷ್ಟೇ. ದಿಕ್ಕು ಹಿಡಿಯುವ ರಿಸೀವರ್ ಅಂದರೆ ಸರಿಹೋಗುತ್ತದೆ. ಹಾಗೆಂದು ಅದರ ಬೆಲೆ ಕಡಿಮೆಯಾಗಲಿಲ್ಲ. ಮಾಯೆಯ ಗುಂಡೊಂದು ಕೈಗೆ ಸಿಕ್ಕಾಗ ಉಳಿದವರೆಲ್ಲ ಕೈಮುಗಿಯುತ್ತಿದ್ದರು, ಇವಳು ಅಳೆದಳು. ಮುಂದೆಯೂ ಅವಳ ರೀತಿ ಅದೇ. ಬೇರೆ ಗ್ರಹದಿಂದ ಬಂದವನ ಕಣ್ಣಿನ ಯಂತ್ರ ಕೈಗೆ ಸಿಕ್ಕರೆ ಬಿಚ್ಚಿ, ರಿಪೇರಿ ಮಾಡಿ, ಅದರ ಅಂಕಿಗಳು ನಮಗೆ ಓದಲು ಬರುವ ಹಾಗೆ ಮಾಡುತ್ತಾಳೆ. ಯಂತ್ರಮಾನವರ ನಕ್ಷೆ ಸಿಕ್ಕರೆ ಅವರನ್ನು ನಿಲ್ಲಿಸುವ ರಿಮೋಟ್ ಕಟ್ಟುತ್ತಾಳೆ. ಊರೆಲ್ಲ ಹಾಳಾದ ಒಂದು ಭವಿಷ್ಯದಲ್ಲಿ, ಹೊಡೆದಾಡುವ ಗಂಡಸರು ಹೆಚ್ಚುಕಡಿಮೆ ಎಲ್ಲ ಸತ್ತ ಮೇಲೆ, ಅಳಿದುಳಿದ ಸಾಮಾನಿನಲ್ಲೇ ಕಾಲಯಂತ್ರ ಮಾಡಿ ಮಗನನ್ನು ಹಿಂದಿನ ಕಾಲಕ್ಕೆ ಕಳಿಸುವವಳೂ ಅವಳೇ. ಕಥೆ ಬೆಳೆಯುತ್ತ ಹೋದಂತೆ ಬರೀ ಗುದ್ದಾಟವಾಗಿ ಬುಲ್ಮಾ ಹಿಂದಕ್ಕೆ ಸರಿದದ್ದು ನನ್ನ ಮಟ್ಟಿಗೆ ತೊರಿಯಾಮಾ ಮಾಡಿದ ಅನ್ಯಾಯ.

ಆದರೆ ಓದುವಾಗ ಬಹಳ ಜನ ಗಮನಿಸದ ಸಂಗತಿ ಒಂದಿದೆ. ಅವಳ ಅಪ್ಪ ಡಾ. ಬ್ರೀಫ್ ದೊಡ್ಡ ಕಂಪನಿಯ ಒಡೆಯ. ಮೋಟಾರ್‌ಸೈಕಲ್ಲು, ಇಡೀ ಮನೆ ಎಲ್ಲವನ್ನೂ ಬೆರಳುದ್ದದ ಕ್ಯಾಪ್ಸೂಲಿನಲ್ಲಿ ಅಡಗಿಸುವ ತಂತ್ರ ಅವನದು. ಬುಲ್ಮಾ ಹುಟ್ಟಿದ ಮನೆಯೇ ವರ್ಕ್‌ಶಾಪು. ಪಕ್ಕಡ ಮುಟ್ಟಬ್ಯಾಡ ಎಂದು ಅವಳಿಗೆ ಯಾರೂ ಅಂದಿರಲಿಕ್ಕಿಲ್ಲ. ನಮ್ಮಲ್ಲಿ ಅಂಥ ಹುಡುಗಿ ಬೇಕೆಂದರೆ ಆ ಮನೆಯನ್ನು ಯಾರು ಕಟ್ಟಿಕೊಡಬೇಕು?

ನಂಜನಗೂಡಿನಲ್ಲಿ 1922ರ ಜನವರಿ 24ರಂದು ಹುಟ್ಟಿ ಮುಂದೆ ಎಂಜಿನಿಯರ್ ಆದ ರಾಜೇಶ್ವರಿಗೆ ಅಂಥ ಮನೆ ಕಟ್ಟಿಕೊಟ್ಟವರು ಅಜ್ಜಿ. ಕಮಲಮ್ಮ ದಾಸಪ್ಪ ಹಳೇ ಮೈಸೂರು ಸಂಸ್ಥಾನದ ಮೊದಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರು. ವಿಧವೆಯರು, ಗಂಡ ಬಿಟ್ಟ ಹೆಣ್ಣುಮಕ್ಕಳು ಓದಲಿ ಎಂದು ದುಡಿದವರು. ಅವರು ನಿಂತು ನಡೆಸಿದ ಮಹಿಳಾ ಸೇವಾ ಸಮಾಜದ ಶಾಲೆಯಲ್ಲೇ ಮೊಮ್ಮಗಳ ಓದು ಶುರುವಾಯಿತು. ಹುಡುಗಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, ಬಿ.ಎಸ್ಸಿ., ಎಂ.ಎಸ್ಸಿ. ಎರಡರಲ್ಲೂ ಮೈಸೂರು ವಿಶ್ವವಿದ್ಯಾಲಯಕ್ಕೇ ಮೊದಲಿಗಳಾದಳು. 1943ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ, ಅಂದರೆ ಬೆಂಗಳೂರಿಗರ ಟಾಟಾ ಇನ್‌ಸ್ಟಿಟ್ಯೂಟಿಗೆ ಸೇರಿದಳು. ಹತ್ತು ವರ್ಷದ ಹಿಂದೆ, 1933ರಲ್ಲಿ, ಇದೇ ಸಂಸ್ಥೆಗೆ ಬಂದ ಕಮಲಾ ಸೊಹೊನಿಯವರನ್ನು ಹೆಣ್ಣು ಎಂಬ ಕಾರಣಕ್ಕೇ ಸಿ.ವಿ. ರಾಮನ್ ಮೊದಲು ಬೇಡ ಎಂದಿದ್ದರು. ಕಮಲಾ ಹಟ ಹಿಡಿದು ಒಳಗೆ ಹೋದರು. ರಾಜೇಶ್ವರಿಯ ಕಾಲಕ್ಕೆ ಬಾಗಿಲು ಒಂದಿಷ್ಟು ಸಡಿಲಾಗಿತ್ತು.

ಎರಡನೇ ಮಹಾಯುದ್ಧ ಮುಗಿದಿತ್ತು. ಆ ಯುದ್ಧದ ಗತಿ ಬದಲಿಸಿದ ಸಾಧನಗಳಲ್ಲಿ ರೇಡಾರ್ ಮುಖ್ಯವಾದದ್ದು, ಅದರ ಜೀವ ಇದ್ದದ್ದು ಮೈಕ್ರೋವೇವ್‌ನಲ್ಲಿ. 1946ರಲ್ಲಿ ಸರ್ಕಾರ ಜಾಣ ವಿದ್ಯಾರ್ಥಿಗಳನ್ನು ಹೊರದೇಶಕ್ಕೆ ಕಳಿಸಲು ಕೊಟ್ಟ ವಿದ್ಯಾರ್ಥಿವೇತನ ರಾಜೇಶ್ವರಿಗೆ ಸಿಕ್ಕಿತು. 1947ರಲ್ಲಿ, ಮದುವೆಯಿಲ್ಲದ ಇಪ್ಪತ್ತೈದರ ಹುಡುಗಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಳು. ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿ, ಬಳಿಕ ವಾಷಿಂಗ್ಟನ್ನಿನ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿ ಎಂಟು ತಿಂಗಳ ತರಬೇತಿ. ಆಮೇಲೆ ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನದಲ್ಲಿ ಪಿಎಚ್.ಡಿ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಓದಿದ್ದೂ ಇದೇ ವೇತನದಲ್ಲಿ.

1953ರಲ್ಲಿ ಊರಿಗೆ ಮರಳಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲೇ ಅಧ್ಯಾಪಕರಾದರು. ಅಲ್ಲಿನ ಎಂಜಿನಿಯರಿಂಗ್ ವಿಭಾಗದಲ್ಲಿ ಪಾಠ ಹೇಳಿದ ಮೊದಲ ಹೆಣ್ಣುಮಗಳು ಅವರು. ಅದೇ ವರ್ಷ ಸಹೋದ್ಯೋಗಿ ಶಿಶಿರ್ ಕುಮಾರ್ ಚಟರ್ಜಿಯವರನ್ನು ಮದುವೆಯಾಗಿ ರಾಜೇಶ್ವರಿ ಚಟರ್ಜಿ ಆದರು. ಗಂಡ ಹೆಂಡತಿ ಸೇರಿ ಕಟ್ಟಿದ್ದು ಮೈಕ್ರೋವೇವ್ ಸಂಶೋಧನೆಯ ಪ್ರಯೋಗಾಲಯ.

ಅಲ್ಲಿ ಏನು ಮಾಡುತ್ತಿದ್ದರು? ಮೈಕ್ರೋವೇವ್ ಅಂದರೆ ಒಂದು ಮೀಟರಿನಿಂದ ಒಂದು ಮಿ.ಮೀ.ವರೆಗೆ ಉದ್ದವಿರುವ ಗಿಡ್ಡ ಅಲೆ. ಅಡುಗೆಮನೆಯ ಮೈಕ್ರೋವೇವ್ ಒಲೆಯಲ್ಲಿ ಅದು ಸುಮಾರು 12 ಸೆಂ.ಮೀ. ಅಲೆ ಗಿಡ್ಡವಾದಷ್ಟೂ ಸಣ್ಣ ಆಂಟೆನಾದಿಂದಲೇ ಅದನ್ನು ಟಾರ್ಚಿನ ಬೆಳಕಿನ ಹಾಗೆ ಒಂದೇ ದಿಕ್ಕಿಗೆ ಬಿಡಬಹುದು. ಆದರೆ ಇದನ್ನು ಸಾಗಿಸುವುದು ಕಷ್ಟ. ಮಾಮೂಲಿ ತಂತಿಯಲ್ಲಿ ಬಿಟ್ಟರೆ ದಾರಿಯಲ್ಲೇ ಚೆಲ್ಲಿಹೋಗುತ್ತದೆ. ಅದಕ್ಕಾಗಿ ಒಳಗೆ ಪೊಳ್ಳಾದ ಲೋಹದ ಕೊಳವೆ ಬೇಕು, ಇಲ್ಲವೇ ಅಲೆ ಮೈಗೆ ಅಂಟಿಕೊಂಡು ಹರಿಯುವಂಥ ವಿಶೇಷ ತಂತಿ ಬೇಕು. ಕರೆಂಟ್ ಹರಿಯದ ಪ್ಲಾಸ್ಟಿಕ್‌ನಂಥ ವಸ್ತುವಿನ ಸರಳನ್ನೇ ಆಂಟೆನಾ ಮಾಡಬಹುದು. ಅಲೆ ಸರಳಿನುದ್ದಕ್ಕೂ ಸಾಗಿ ತುದಿಯಿಂದ ಹೊರಬೀಳುತ್ತದೆ. ಇಂಥವುಗಳ ಅಳತೆ ಎಷ್ಟಿರಬೇಕು, ಅಲೆ ಎಷ್ಟು ಹಾಳಾಗುತ್ತದೆ, ಯಾವ ದಿಕ್ಕಿಗೆ ಎಷ್ಟು ಬೀಳುತ್ತದೆ ಎಂಬುದೇ ಅವರ ಕೆಲಸ. ನೂರಕ್ಕೂ ಹೆಚ್ಚು ಪ್ರಬಂಧ, ಏಳು ಪುಸ್ತಕ, ಅವರ ಕೈಕೆಳಗೆ ಪಿಎಚ್.ಡಿ. ಮಾಡಿದವರು 20 ಜನ. 1982ರಲ್ಲಿ ನಿವೃತ್ತಿ. ತೀರಿಕೊಂಡಿದ್ದು 2010ರ ಸೆಪ್ಟೆಂಬರ್ 3ರಂದು. ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್ ಎಂದು ಅವರನ್ನು ಈಗ ನೆನೆಯುತ್ತಾರೆ. ಅವರ ಹೆಸರು ಹೊತ್ತ ಯಂತ್ರ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ ಅಜ್ಜಿಯ ಶಾಲೆ, ಸರ್ಕಾರದ ದುಡ್ಡು, ದೂರದೇಶದ ಪ್ರಯೋಗಾಲಯ, ಈ ಮೂರೂ ಸೇರಿದ್ದರಿಂದ ರಾಜೇಶ್ವರಿ ರಾಜೇಶ್ವರಿಯಾದರು. ಜಾಣತನ ಇದ್ದೇ ಇತ್ತು. ಅದು ಬಬಲೇಶ್ವರದ ಹೆಣ್ಣುಮಕ್ಕಳಿಗೂ ಇದೆ.

ಬಬಲೇಶ್ವರ ನನ್ನ ತವರು. ಹೊಲದ ಬಾವಿಯ ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಫ್ಯೂಸ್ ಹಾರಿದರೆ ತಂತಿ ಕಟ್ಟುವವನು ತಮ್ಮ, ಬ್ಯಾಟರಿ ಹಿಡಿದು ನಿಲ್ಲುವವಳು ನಾನು. "ಹುಡ್ಗಿ ಅದಿ, ಕರೆಂಟಿನ ಸಾಮಾನ ಮುಟ್ಟಬ್ಯಾಡ" ಎಂದು ಅಮ್ಮ ಅನ್ನುತ್ತಿದ್ದಳು. ಹುಡುಗನಾದರೆ ಕರೆಂಟು ಹೊಡೆಯುವುದಿಲ್ಲವೇನೋ ಎಂದು ನಾನೂ ನಂಬಿದ್ದೆ, ಒಂದು ರಾತ್ರಿ ತಮ್ಮ ಚೀರಿ ಹಿಂದಕ್ಕೆ ಬೀಳುವ ತನಕ. ಅಂಗೈ ಸುಟ್ಟಿತ್ತು, ದೊಡ್ಡದೇನೂ ಆಗಲಿಲ್ಲ. ಕಲಿಯಬೇಕಾದ್ದು ಮೊದಲು ಮೇನ್ ಸ್ವಿಚ್ ಆರಿಸುವುದನ್ನು, ಅದನ್ನು ಇಬ್ಬರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ.

ಈಗ ಕಾಲ ಬೇರೆ. ನಾನು ವಿಜಯಪುರದಿಂದ ತಿಕೋಟಾಕ್ಕೆ ಹೋಗುವ ಬಸ್ಸು ತೊರವಿಯ ಮೇಲೆ ಹೋಗುತ್ತದೆ. ಆದಿಲ್‌ಶಾಹಿ ಕಾಲದಲ್ಲಿ ಇಲ್ಲಿಂದಲೇ ನೆಲದಡಿಯ ಸುರಂಗದಲ್ಲಿ ನಗರಕ್ಕೆ ನೀರು ಒಯ್ದಿದ್ದರು. ಅದೇ ತೊರವಿಯಲ್ಲಿ ಈಗ ಮಹಿಳಾ ವಿಶ್ವವಿದ್ಯಾಲಯ ಇದೆ. 2003ರಲ್ಲಿ ಶುರುವಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರು ಪಡೆಯಿತು. ನಗರದಲ್ಲಿ ಫ.ಗು. ಹಳಕಟ್ಟಿಯವರ ಹೆಸರಿನ ಎಂಜಿನಿಯರಿಂಗ್ ಕಾಲೇಜು 1980ರಿಂದ ಇದೆ. ದೊಡ್ಡ ಬಾಗಿಲುಗಳು ತೆರೆದಿವೆ. ನನ್ನ ಚಿಂತೆ ಅದಕ್ಕಿಂತ ಮೊದಲಿನದು. ಹತ್ತನೇ ಇಯತ್ತೆ ಮುಗಿಯುವುದರೊಳಗೆ ಹುಡುಗಿ ಒಂದಾದರೂ ಸಾಮಾನನ್ನು ಕೈಯಾರೆ ಬಿಚ್ಚಿ ನೋಡಿದ್ದಾಳೆಯೇ?

ಚಿತ್ರ ಬರೆದವಳ ನೆಪದಲ್ಲಿ ತರಗತಿಯಲ್ಲಿ ಒಂದು ಆಟ ಇಟ್ಟೆ. ಹಳೆಯ ಪಾಕೀಟು ರೇಡಿಯೊ ತಂದು ಮೀಡಿಯಂ ವೇವ್‌ಗೆ ಹಾಕಿ, ಯಾವ ಸ್ಟೇಶನ್ನೂ ಇಲ್ಲದ ಕಡೆ ಮುಳ್ಳು ನಿಲ್ಲಿಸಿದೆ. ಫೋನ್ ಚಾರ್ಜ್ ಮಾಡುತ್ತಿರುವ ಪವರ್ ಬ್ಯಾಂಕನ್ನು ಒಂದು ಚೀಲದಲ್ಲಿ ಹಾಕಿ, ಬೇರೆ ಚೀಲಗಳ ಸಾಲಿನಲ್ಲಿ ಇಟ್ಟೆ. ಪವರ್ ಬ್ಯಾಂಕ್ ಒಳಗಿನ ಸರ್ಕೀಟು ಪಟಪಟ ಆನ್ ಆಫ್ ಆಗುತ್ತ ಸಣ್ಣ ರೇಡಿಯೊ ಗದ್ದಲ ಹುಟ್ಟಿಸುತ್ತದೆ. ಹುಡುಗಿ ರೇಡಿಯೊ ಹಿಡಿದು ಚೀಲದಿಂದ ಚೀಲಕ್ಕೆ ಬಗ್ಗುತ್ತ ಬಂದಳು. ಒಂದರ ಹತ್ತಿರ ಗರ್ರ್ ಅಂದಿತು. ರೇಡಿಯೊವನ್ನು ನಿಂತಲ್ಲೇ ತಿರುಗಿಸು ಎಂದೆ. ಒಂದು ಕೋನದಲ್ಲಿ ಗದ್ದಲ ಜೋರಾಯಿತು, ಇನ್ನೊಂದರಲ್ಲಿ ಅಡಗಿತು.

"ಹಿಂಗ್ಯಾಕ ರೀ?"

"ಬಿಚ್ಚಿ ನೋಡು."

ಸೆಲ್ ತೆಗೆದು, ಹಿಂದಿನ ಸ್ಕ್ರೂ ಬಿಚ್ಚಿದಳು. ಒಳಗೆ ಬೆರಳುದ್ದದ ಕಪ್ಪು ಕಡ್ಡಿ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುತ್ತು. ಅದೇ ಫೆರೈಟ್ ಆಂಟೆನಾ. ಅಲೆಯ ಕಾಂತಬಲ ಕಡ್ಡಿಯ ಉದ್ದಕ್ಕೆ ಹಾದರೆ ದನಿ ಜೋರು, ಅಡ್ಡ ಹಾದರೆ ದನಿ ಕಡಿಮೆ. ಬುಲ್ಮಾಳ ರೇಡಾರಿನ ಒಳಗೂ ಇಂಥದೇ ಏನೋ ಇರಬೇಕು. ಮತ್ತೆ ಜೋಡಿಸಿದಾಗ ಒಂದು ಸ್ಕ್ರೂ ಹೆಚ್ಚಿಗೆ ಉಳಿಯಿತು. ರೇಡಿಯೊ ಮಾತ್ರ ಹಾಡಿತು. ಮರುದಿನದಿಂದ ಮನೆಯ ಕೆಟ್ಟ ಸಾಮಾನುಗಳು ಶಾಲೆಗೆ ಬರತೊಡಗಿದವು. ತಂದವರಲ್ಲಿ ಹುಡುಗಿಯರೇ ಹೆಚ್ಚು.

ಇದನ್ನು ಓದುತ್ತಿರುವ ಅಪ್ಪ ಅಮ್ಮಂದಿರಲ್ಲಿ ನನ್ನದೊಂದು ವಿನಂತಿ. ಕೆಟ್ಟ ರೇಡಿಯೊ, ನಿಂತ ಗೋಡೆ ಗಡಿಯಾರ, ಹಳೆಯ ಟಾರ್ಚು ಏನೇ ಇರಲಿ, ಗುಜರಿಯವನಿಗೆ ಹಾಕುವ ಮೊದಲು ಒಂದು ಸ್ಕ್ರೂಡ್ರೈವರ್ ಜೊತೆಗೆ ಮಗಳ ಕೈಗೆ ಕೊಡಿ. ಮೊದಲು ಸೆಲ್ ತೆಗೆಯಲು ಹೇಳಿ. ಹಳೆಯ ಡಬ್ಬಿ ಟಿವಿ, ಮೈಕ್ರೋವೇವ್ ಒಲೆ, ಉಬ್ಬಿದ ಫೋನ್ ಬ್ಯಾಟರಿ ಮಾತ್ರ ಕೊಡಬೇಡಿ. ಮೊದಲಿನ ಎರಡರಲ್ಲಿ ಪ್ಲಗ್ ಕಿತ್ತ ಮೇಲೂ ಕರೆಂಟು ಉಳಿದಿರುತ್ತದೆ, ಬ್ಯಾಟರಿಗೆ ಬೆಂಕಿ ಹತ್ತಬಹುದು.